ಬಿಟ್ಟಿಯೂ ಅಲ್ಲ, ಪಟ್ಟವೂ ಅಲ್ಲ

ನಮ್ಮ ಸಭೆಯ ಸುವಾರ್ತಾ ಸಮಿತಿಯ ಸಂಚಾಲಕತನವನ್ನು ನಾವು ಬಿಟ್ಟೆವು. 2007ರಲ್ಲಿ ಹೊತ್ತದ್ದು, 2023ರಲ್ಲಿ ಇಳಿಸಿದ್ದು. ನಾವು ಅಂದರೆ ಗಂಡ ಹೆಂಡತಿ ಇಬ್ಬರೂ. ರಿಜಿಸ್ಟರಿನಲ್ಲಿ ಇದ್ದದ್ದು ಒಬ್ಬರ ಹೆಸರು, ತಿರುಗಿದ್ದು ನಾಲ್ಕು ಕಾಲು. ಒಬ್ಬರು ಪ್ರೈಮರಿ ಶಾಲೆ ಮೇಷ್ಟ್ರು, ಇನ್ನೊಬ್ಬರು ಅಂಗನವಾಡಿ ಟೀಚರು.

ರಾಜೀನಾಮೆ ಪತ್ರ ಎರಡೇ ಸಾಲಿನದು. ಓದಿದ ಹಿರಿಯರೊಬ್ಬರು ಕನ್ನಡಕ ತೆಗೆದು, ‘ಅಲ್ಲಾ ಮೇಷ್ಟ್ರೇ, ದೇವರ ಕೆಲಸಕ್ಕೆ ರಾಜೀನಾಮೆ ಅನ್ನೋದು ಉಂಟೇನ್ರಿ?’ ಅಂದರು. ಇನ್ನೊಬ್ಬರು ಪಕ್ಕಕ್ಕೆ ಕರೆದು, ‘ಯಾರಾದ್ರೂ ಏನಾದ್ರೂ ಅಂದ್ರಾ?’ ಅಂತ ಮೆಲ್ಲಗೆ ಕೇಳಿದರು. ಮೂರನೆಯವರು ಮಾತೇ ಆಡದೆ ಲೆಕ್ಕದ ಪುಸ್ತಕ ತರಿಸಿ ನೋಡಿದರು. ಬಿಡುವವನು ಒಂದೋ ಮುನಿಸಿಕೊಂಡು ಬಿಡಬೇಕು, ಇಲ್ಲಾ ದುಡ್ಡು ತಿಂದು ಸಿಕ್ಕಿಬಿದ್ದು ಬಿಡಬೇಕು. ಕೆಲಸ ಮುಗೀತು, ಇನ್ನು ನಮ್ಮ ಅಗತ್ಯ ಇಲ್ಲ ಅಂತ ಬಿಡುವವರನ್ನು ಕಂಡು ಅಭ್ಯಾಸವಿಲ್ಲ. ಪಟ್ಟ ಏರಿದವನು ಹೆಣವಾಗಿಯೇ ಇಳಿಯಬೇಕು. ಮಠದಲ್ಲೂ ಅಷ್ಟೆ, ಪಕ್ಷದಲ್ಲೂ ಅಷ್ಟೆ. ಬೇಸರ ಮಾಡಿಕೊಳ್ಳಬೇಡಿ ಗೆಳೆಯರೆ, ನಮ್ಮ ಸಂಘಟನೆಗಳಲ್ಲೂ ಅಷ್ಟೆ. ತಾಲ್ಲೂಕು ಸಂಚಾಲಕ ಅಂತ ಲೆಟರ್‌ಹೆಡ್ ಮಾಡಿಸಿದವನು ಮಗನ ಮದುವೆ ಪತ್ರಿಕೆಯಲ್ಲೂ ಅದನ್ನೇ ಅಚ್ಚು ಹಾಕಿಸುತ್ತಾನೆ.

ಈ ಪತ್ರಿಕೆಯಲ್ಲಿ ಚರ್ಚಿನ ಪಂಚಾಯ್ತಿ ಯಾಕೆ ಅಂತ ಕೇಳುವವರು ಇರಬಹುದು. ನಮ್ಮ ತುಮಕೂರು ಸೀಮೆಯಲ್ಲಿ ಹಳ್ಳಿ ಕಡೆಯ ಸಭೆ ಅಂದರೆ ಯಾರು? ಹೊಲೆಯರು, ಮಾದಿಗರು. ಧಾತು-ಈಶ್ವರ ಸಂವತ್ಸರದ ಬರ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, 1876ರಿಂದ 78ರವರೆಗಿನ ಆ ದೊಡ್ಡ ಬರ, ಆಗ ಮಿಶನ್ನಿನವರು ತೆರೆದ ಅನಾಥಾಲಯಗಳಲ್ಲಿ ಗಂಜಿ ಕುಡಿದು ಉಳಿದ ಮಕ್ಕಳ ಮೊಮ್ಮಕ್ಕಳು ಎಷ್ಟೋ ಜನ. ಆಮೇಲೆ ಊರವರ ಕಾಲ ಕೆಳಗೆ ಇರಲಾರೆ ಅಂತ ಹಟ್ಟಿಹಟ್ಟಿಯಾಗಿ ಬಂದವರು ಇನ್ನಷ್ಟು ಜನ. ಇವರ ಕತೆ ನಮ್ಮ ಕತೆಯಲ್ಲದೆ ಇನ್ನಾರದು?

ನಮ್ಮ ಕೆಲಸ ಇದ್ದದ್ದು 11 ಹಟ್ಟಿಗಳಲ್ಲಿ. ಭಾನುವಾರ ಪೇಟೆಯ ಆರಾಧನೆ ಮುಗಿಸಿ, ಉಂಡರೆ ಉಂಡೆವು ಇಲ್ಲದಿದ್ದರೆ ಇಲ್ಲ, ಬಸ್ಸೋ ಲಗೇಜು ಆಟೋನೋ ಹಿಡಿದು ಹೋಗೋದು. ಮನೆ ಪ್ರಾರ್ಥನೆ, ಮಕ್ಕಳಿಗೆ ಪಾಠ, ಹೆಂಗಸರ ಕೂಟ. ಹೇಳುವುದಕ್ಕೆ ಇದಿಷ್ಟು. ಮಾಡಿದ್ದು ಬೇರೆ. ವಿಧವಾ ಪಿಂಚಣಿ ಅರ್ಜಿ, ರೇಷನ್ ಕಾರ್ಡು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗೋದು, ಹಾಸ್ಟೆಲ್ ಸೀಟು, ಕುಡಿದು ಹೊಡೆದ ಗಂಡನಿಗೆ ಬುದ್ಧಿ ಹೇಳೋದು, ಹೇಳಿ ನಾವೂ ಬೈಸಿಕೊಳ್ಳೋದು. 2020ರ ಲಾಕ್‌ಡೌನಿನಲ್ಲಿ ಎರಡು ತಿಂಗಳು ಅಕ್ಕಿ ಬೇಳೆ ಹಂಚಿದ್ದೇ ಹಂಚಿದ್ದು.

ಇದಕ್ಕೆ ಸಂಬಳ ಇಲ್ಲ, ಬಸ್ ಚಾರ್ಜು ಇಲ್ಲ. ಸ್ವಯಂಸೇವೆ. ಈ ಪದದ ಬಗ್ಗೆ ಒಂದು ಮಾತು ಹೇಳದಿದ್ದರೆ ಊಟ ಅರಗುವುದಿಲ್ಲ. ನಮ್ಮ ತಾತ ತೋಟಿ. ಗೌಡರ ಮನೆ ಕಣ ಮಾಡೋದು, ಸತ್ತ ದನ ಎಳೆಯೋದು, ತಮಟೆ ಹೊಡೆದು ಸಾರೋದು, ಅಮಲ್ದಾರ ಬಂದರೆ ಅವನ ಗಂಟು ಹೊರೋದು. ಇದಕ್ಕೆ ಕೂಲಿ ಕೇಳುವ ಹಾಗಿಲ್ಲ. ಸುಗ್ಗಿಯಲ್ಲಿ ಅವರು ಎಸೆದಷ್ಟು ಆಯ. ಅದಕ್ಕೆ ಬಿಟ್ಟಿ ಅಂತ ಹೆಸರು. ದುಡ್ಡಿಲ್ಲದೆ ದುಡಿಯುವುದು ಪೇಟೆಯವರಿಗೆ ತ್ಯಾಗ, ಹಟ್ಟಿಯವರಿಗೆ ಅದು ಮೈಮೇಲಿನ ಬರೆ. ಹಾಗಾದರೆ ಈ 16 ವರ್ಷ ಮಾಡಿದ್ದು ಬಿಟ್ಟಿಯೇ? ಅಲ್ಲ. ಬಿಟ್ಟಿ ಮಾಡುವವನಿಗೆ ಬಿಡುವ ಹಕ್ಕಿಲ್ಲ. ತಾತ ಬಿಡುತ್ತೇನೆ ಅಂದಿದ್ದರೆ ಬಾರುಕೋಲು ಬೀಳುತ್ತಿತ್ತು. ನಾವು ಕಾಗದದ ಮೇಲೆ ಎರಡು ಸಾಲು ಬರೆದು ಕೊಟ್ಟು ಬಂದೆವು. ದೇವರ ಕೆಲಸಕ್ಕೆ ರಾಜೀನಾಮೆ ಉಂಟೇ ಅಂತ ಕೇಳಿದ ಹಿರಿಯರಿಗೆ ಅವತ್ತು ಇದನ್ನೇ ಹೇಳಬೇಕಿತ್ತು: ಬಿಡಲಿಕ್ಕೆ ಆಗುವುದಾದರೆ ಮಾತ್ರ ಅದು ಸೇವೆ ಸ್ವಾಮಿ.

ಸುವಾರ್ತೆಯನ್ನು ಹಟ್ಟಿಗೆ ತಂದವರು ಯಾರು? ಪೇಟೆಯ ಚರ್ಚಿನ ಗೋಡೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಬಿಳಿಯರ ಹೆಸರುಗಳಿವೆ. ಇರಲಿ, ಅವರ ಆಸ್ಪತ್ರೆ, ಅವರ ಶಾಲೆ, ಅದರ ಅನ್ನ ನಾವೂ ಉಂಡಿದ್ದೇವೆ. ಆದರೆ ಓಂಗೋಲಿನ ಕಡೆ 1866ರಲ್ಲಿ ದೀಕ್ಷಾಸ್ನಾನ ಪಡೆದ ಯರ್ರಗುಂಟ್ಲ ಪೇರಯ್ಯ ಮಾದಿಗರವನು. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಆತ ಅದೇ ಹಾದಿಯಲ್ಲಿ ತನ್ನ ನೆಂಟರಿಗೆಲ್ಲ ಈ ಮಾತು ಮುಟ್ಟಿಸಿದ. ಅಮೆರಿಕದ ಬ್ಯಾಪ್ಟಿಸ್ಟ್ ಮಿಶನರಿ ಕ್ಲೌ ಬರಗಾಲದಲ್ಲಿ, ಗಂಜಿಗಾಗಿ ಬಂದರು ಅನ್ನುವ ಮಾತು ಬರಬಾರದೆಂದು, ದೀಕ್ಷಾಸ್ನಾನವನ್ನೇ ನಿಲ್ಲಿಸಿದ್ದರು. ನಿಲ್ಲಿಸಿದ್ದು ತೆರೆದಾಗ 1878ರ ಜುಲೈ 3ರ ಒಂದೇ ದಿನ 2,222 ಜನ ನೀರಿಗಿಳಿದರು. ಅದರ ಹಿಂದೆ ಪೇರಯ್ಯನಂಥವರ ಕಾಲು ಸವೆದಿತ್ತು. ಆ ಕಡೆ ಪಂಜಾಬಿನ ಸಿಯಾಲ್ಕೋಟದ ಹತ್ತಿರ, ಅದು ಈಗ ಪಾಕಿಸ್ತಾನದಲ್ಲಿದೆ, ದಿತ್ತ್ ಅಂತ ಒಬ್ಬ. ಚೂಹ್ರಾ ಜಾತಿ, ಕಾಲು ಊನ, ಹಸಿ ಚರ್ಮ ಕೊಂಡು ಮಾರುವ ಕಸುಬು. 1873ರಲ್ಲಿ ದೀಕ್ಷಾಸ್ನಾನ ಆಯಿತು. ಇಲ್ಲೇ ಮಿಶನ್ನಿನಲ್ಲಿ ಇದ್ದು ಕಲಿ ಅಂದರೆ ಒಪ್ಪಲಿಲ್ಲ, ತನ್ನ ಹಳ್ಳಿಗೇ ವಾಪಸ್ ನಡೆದ. ನೆಂಟರಿಷ್ಟರು ಬೈದರು, ದೂರ ಇಟ್ಟರು. ಆತ ಹಳ್ಳಿ ಬಿಡಲಿಲ್ಲ. ಮುಂದಿನ ಕೆಲವು ದಶಕಗಳಲ್ಲಿ ಆ ಸೀಮೆಯ ಚೂಹ್ರಾ ಜನ ಸಾವಿರ ಸಾವಿರವಾಗಿ ಬಂದರು.

ಇವರಲ್ಲಿ ಯಾರೂ ಸಂಚಾಲಕರಾಗಿ ಶುರುಮಾಡಿದವರಲ್ಲ. ಸಮಿತಿ ಹುಟ್ಟಿದ್ದು ಕೆಲಸ ಆದ ಮೇಲೆ, ಕೆಲಸವನ್ನು ಎಣಿಸುವುದಕ್ಕೆ.

ಬಿಳಿಯರಲ್ಲೂ ಇದನ್ನು ಕಂಡವರು ಇದ್ದರು. 19ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಚರ್ಚ್ ಮಿಶನರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್ನನ ವಾದವೇ ಇದು: ಮಿಶನ್ ಅನ್ನುವುದು ಸಾಯಲಿಕ್ಕೆಂದೇ ಹುಟ್ಟಿದ್ದು. ಸ್ಥಳೀಯ ಜನ ತಮ್ಮನ್ನು ತಾವೇ ಆಳಿಕೊಂಡು, ತಮ್ಮ ಖರ್ಚು ತಾವೇ ನೋಡಿಕೊಂಡು, ತಮ್ಮ ಮಾತು ತಾವೇ ಹಬ್ಬಿಸಿಕೊಳ್ಳುವ ಹೊತ್ತಿಗೆ ಮಿಶನ್ ಸುಖವಾಗಿ ಸಾಯಬೇಕು. 1912ರಲ್ಲಿ ರೋಲಂಡ್ ಆಲನ್ ಇನ್ನೂ ಖಾರವಾಗಿ ಬರೆದ. ಪೌಲ ಕೊರಿಂಥದಲ್ಲಿ ಇದ್ದದ್ದು ಒಂದೂವರೆ ವರ್ಷ, ಎಫೆಸದಲ್ಲಿ ಹೆಚ್ಚೆಂದರೆ ಮೂರು. ಅಲ್ಲಿಯವರಿಗೇ ಒಪ್ಪಿಸಿ ಎದ್ದು ಹೋದ. ನಮ್ಮದು 16 ಆಗಿತ್ತು! ವೇದನಾಯಗಂ ಸಾಮುವೇಲ್ ಅಜರಯ್ಯ 1910ರಲ್ಲಿ ಎಡಿನ್‌ಬರೋ ಸಮ್ಮೇಳನದಲ್ಲಿ ಎದ್ದು ನಿಂತು, ನೀವು ನಮಗಾಗಿ ಆಸ್ತಿ ಪ್ರಾಣ ಎಲ್ಲ ಕೊಟ್ಟಿರಿ, ಸ್ನೇಹ ಕೊಡಲಿಲ್ಲವಲ್ಲ ಅಂತ ಬಿಳಿಯರ ಮುಖಕ್ಕೇ ಕೇಳಿದರು. ಎರಡು ವರ್ಷಕ್ಕೆ ಅವರೇ ದೋರ್ನಕಲ್ಲಿನ ಬಿಷಪ್ಪರಾದರು, ಆಂಗ್ಲಿಕನ್ ಸಭೆಯಲ್ಲಿ ಮೊದಲ ಭಾರತೀಯ ಬಿಷಪ್ಪರು. ಬಿಳಿಯರು ಹೋದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿತು. ಆದರೆ ಬಿಳಿಯ ಎದ್ದ ಕುರ್ಚಿ ಪೇಟೆಗೆ ಬಂತು, ಹಟ್ಟಿಗೆ ಬರಲಿಲ್ಲ. ಹಟ್ಟಿ ‘ಫೀಲ್ಡು’ ಆಗಿಯೇ ಉಳಿಯಿತು.

ಫೀಲ್ಡು! ನಮ್ಮ ಅತ್ತೆ ಮಕ್ಕಳು, ದೊಡ್ಡಪ್ಪನ ಮಕ್ಕಳು ಇರುವ ಜಾಗಕ್ಕೆ ಆಫೀಸಿನಲ್ಲಿ ಇರುವ ಹೆಸರು. ಮೂರು ತಿಂಗಳಿಗೊಮ್ಮೆ ಅಲ್ಲಿಗೆ ರಿಪೋರ್ಟು ಹೋಗಬೇಕು. ಎಷ್ಟು ಮನೆ ಭೇಟಿ, ಎಷ್ಟು ಕೂಟ, ಎಷ್ಟು ದೀಕ್ಷಾಸ್ನಾನ. ಜೊತೆಗೆ ಫೋಟೋ. ಲಾಕ್‌ಡೌನಿನಲ್ಲಿ ಅಕ್ಕಿ ಚೀಲ ಹಿಡಿದ ಹೆಂಗಸಿನ ಮುಖ ಕಾಣುವ ಹಾಗೆ ಫೋಟೋ ಬೇಕು ಅಂದರು. ನಾವು ಚೀಲಗಳನ್ನು ಸಾಲಾಗಿ ಇಟ್ಟು ಫೋಟೋ ತೆಗೆದು ಕಳಿಸಿದೆವು.

ಆಮೇಲೆ ಹೆಸರಿನ ಪಟ್ಟಿ ಕೇಳಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಮೇಷ್ಟ್ರುಗಳು ವಿದ್ಯಾರ್ಥಿಗಳು ಇದನ್ನು ಸರಿಯಾಗಿ ತಿಳಿಯಬೇಕು. 1950ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಮ್ ದಲಿತರು ಹೊರಗೇ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಬೇಲಿ ಕೀಳಿರಿ ಅಂತ ಶಿಫಾರಸು ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಇದೇ ಪ್ರಶ್ನೆ ನೋಡಲು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಕೈಗೆ ಇನ್ನೊಂದು ಆಯೋಗ ಕೊಟ್ಟರು. ಊರಿನ ಹೋಟೆಲಿನಲ್ಲಿ ಲೋಟ ಬೇರೆ ಇಡುವವನು ಮಾತ್ರ ಯಾವ ಆಯೋಗಕ್ಕೂ ಕಾಯಲಿಲ್ಲ. ಅವನು ಕುತ್ತಿಗೆಯಲ್ಲಿ ಶಿಲುಬೆ ಇದೆಯೋ ತಾಯಿತ ಇದೆಯೋ ನೋಡುವುದಿಲ್ಲ, ಯಾವ ಹಟ್ಟಿ ಅಂತ ಕೇಳುತ್ತಾನೆ.

ಹೀಗಿರುವಾಗ ನಾವು ಬರೆಯುವ ಒಂದೊಂದು ಹೆಸರೂ ಒಂದು ಮಗುವಿನ ಸರ್ಟಿಫಿಕೇಟು, ಒಂದು ಮನೆಯ ಮಂಜೂರಾತಿ. ಅದರ ಮೇಲೆ 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ವಿರೋಧಿ ಕಾನೂನು ಬಂತು. ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ನೋಟೀಸು ಕೊಡಬೇಕು. ದಲಿತರನ್ನು, ಹೆಂಗಸರನ್ನು ಕಾನೂನುಬಾಹಿರವಾಗಿ ಮತಾಂತರ ಮಾಡಿದರೆಂದು ಸಾಬೀತಾದರೆ ಮೂರರಿಂದ ಹತ್ತು ವರ್ಷ ಜೈಲು. ದಲಿತರನ್ನೂ ಹೆಂಗಸರನ್ನೂ ಬುದ್ಧಿಮಾಂದ್ಯರ ಪಕ್ಕದಲ್ಲಿ ಕೂರಿಸಿದ ಕಾನೂನು ಅದು. ಇವರಿಗೆ ತಮ್ಮ ದೇವರನ್ನು ಆರಿಸಿಕೊಳ್ಳುವ ತಲೆ ಇಲ್ಲ ಅಂತ! 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಗಟ್ಟಲೆ ಜನ ಬಾಬಾಸಾಹೇಬರ ಹಿಂದೆ ನಿಂತಾಗ ಯಾವ ಕಲೆಕ್ಟರನ ನೋಟೀಸು ಇತ್ತು? 2023ರ ಜೂನ್‌ನಲ್ಲಿ ಹೊಸ ಸಂಪುಟ ಆ ಕಾನೂನನ್ನು ತೆಗೆಯುವ ತೀರ್ಮಾನ ಮಾಡಿತು. ಹಟ್ಟಿಗೆ ಹೊಕ್ಕ ಹೆದರಿಕೆ ಸಂಪುಟದ ತೀರ್ಮಾನಕ್ಕೆ ಹೊರಡುವಂಥದ್ದಲ್ಲ. ಹಟ್ಟಿಯವರು, ‘ಸಾ, ನಮ್ ಹೆಸ್ರು ಎಲ್ಲೂ ಕಳಿಸ್‌ಬ್ಯಾಡಿ’ ಅಂದರು. ಆಫೀಸಿನವರು ಹೆಸರಿಲ್ಲದೆ ರಿಪೋರ್ಟು ಪೂರ್ತಿಯಾಗದು ಅಂದರು. ನಾವು ಕಳಿಸಲಿಲ್ಲ. ಅವರು ಮತ್ತೆ ಕೇಳಿದರು, ನಾವು ಮತ್ತೆ ಕಳಿಸಲಿಲ್ಲ.

ಇದಕ್ಕೇ ಬಿಟ್ಟಿರೇನೋ ಅಂತ ಕೆಲವರು ತಿಳಿದಿದ್ದಾರೆ. ಇದಕ್ಕಾಗಿ ಬಿಡುವುದಾದರೆ ಬಿಡಲೇಬಾರದಿತ್ತು, ಅಡ್ಡ ನಿಲ್ಲಲು ಅಲ್ಲಿ ಒಬ್ಬರು ಬೇಕಲ್ಲ. ಕಾರಣ ಬೇರೆ.

ಒಂದು ಹಟ್ಟಿಯಲ್ಲಿ ನಮ್ಮ ದೂರದ ಸಂಬಂಧದ ದೊಡ್ಡವ್ವ ಒಬ್ಬಳು ಇದ್ದಾಳೆ. ಕೂಲಿ ಮಾಡಿ ನಾಲ್ಕು ಮಕ್ಕಳನ್ನು ಸಾಕಿದವಳು. ಓದಿದ್ದು ನಾಲ್ಕನೇ ಕ್ಲಾಸು. ಮೊದಲು ನಮ್ಮನ್ನು ‘ಮಗಾ’, ‘ಸೊಸೆ’ ಅಂತ ಕರೆಯುತ್ತಿದ್ದವಳು ಸಂಚಾಲಕರಾದ ವರ್ಷದಿಂದ ‘ಸಾ’, ‘ಟೀಚರಮ್ಮ’ ಅನ್ನತೊಡಗಿದಳು. ನಾವು ಬೇಡ ಅಂದಷ್ಟೂ ಅವಳ ಮರ್ಯಾದೆ ಹೆಚ್ಚಾಯಿತು. 2023ರ ಮಳೆಗಾಲದಲ್ಲಿ ಅವಳ ಮೈದುನ ತೀರಿಕೊಂಡ. ಬೆಳಗ್ಗೆ ಫೋನ್ ಬಂತು. ಹೊರಟೆವು. ಹಳ್ಳ ತುಂಬಿ ಬಸ್ಸು ನಿಂತು, ಸುತ್ತು ಹಾಕಿ ಹೋಗುವ ಹೊತ್ತಿಗೆ ಸಂಜೆ ಆಯಿತು. ಇಷ್ಟು ವರ್ಷ ನಾವಾಗಲೀ ಅಯ್ಯನವರಾಗಲೀ ಹೋಗದೆ ಅಲ್ಲಿ ಹೆಣ ಎತ್ತಿದ್ದಿಲ್ಲ. ಹೋಗಿ ನೋಡಿದರೆ ಮಣ್ಣು ಮಾಡಿ, ಸ್ನಾನ ಮಾಡಿ, ಜನ ಜಗಲಿ ಮೇಲೆ ಕೂತಿದ್ದಾರೆ.

ಆದದ್ದು ಇಷ್ಟು. ಗುಂಡಿ ತೋಡಲು ಹೋದವರನ್ನು ಪಕ್ಕದ ಅಡಿಕೆ ತೋಟದವರು ತಡೆದರು, ಇದು ನಮ್ಮ ಖರಾಬು ಅಂತ. ಗಂಡಸರು ಹಾರೆ ಕೆಳಗಿಟ್ಟು ಸಾರ್ ಬರಲಿ ಅಂದರು. ದೊಡ್ಡವ್ವ ಟ್ರಂಕಿನಿಂದ ಸ್ಮಶಾನದ ಸರ್ವೆ ನಂಬರಿನ ಹಳೇ ಕಾಗದ ತೆಗೆದು, ಮೊಮ್ಮಗಳ ಕೈಲಿ ವಿ.ಎ.ಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿ, ತೋಟದವರ ಮುಂದೆಯೇ ಮಾತಾಡಿಸಿದಳು. ಅವರು ಗೊಣಗುತ್ತಾ ಸರಿದರು. ಆಮೇಲೆ ಅವಳೇ ಗುಂಡಿಯ ತಲೆಯ ಕಡೆ ನಿಂತು ಪ್ರಾರ್ಥನೆ ಮಾಡಿದಳು.

‘ನಮಗೆ ಕಾಯಬಾರದಿತ್ತಾ ದೊಡ್ಡವ್ವ’ ಅಂತ ಉಪಚಾರಕ್ಕೆ ಅಂದೆವು.

‘ನೀವ್ ಬರೋಗಂಟ ಹೆಣ ಕಾಯ್ತದಾ ಸಾ? ಮಳೆ ಬೇರೆ. ನಂಗ್ ತಿಳಿದಂಗೆ ನಾಕ್ ಮಾತು ಹೇಳ್ದೆ. ದೇವ್ರಿಗೆ ಹಟ್ಟಿ ಮಾತು ತಿಳೀದೇ ಇರ್ತದಾ?’

ವಾಪಸ್ ಬರುವ ಹಾದಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಬಟ್ಟೆ ಒಗೆದು ಹಾಕುತ್ತಾ ಒಬ್ಬರು, ‘ಇನ್ನು ಸಾಕಲ್ವಾ?’ ಅಂದರು. ಇನ್ನೊಬ್ಬರು, ‘ಸಾಕು’ ಅಂದರು. ದುಃಖ ಇರಲಿಲ್ಲ, ಹಗುರ ಆಗಿತ್ತು. ನಾವು ಬರುತ್ತೇವೆ ಅನ್ನುವ ಭರವಸೆ ಇದ್ದಷ್ಟು ದಿನ ಗಂಡಸರು ಹಾರೆ ಕೆಳಗಿಟ್ಟು ಕೂರುತ್ತಾರೆ. ಬರುವುದಿಲ್ಲ ಅಂತಾದರೆ ಟ್ರಂಕು ತೆಗೆಯುತ್ತಾರೆ. ಅಂಬೇಡ್ಕರರು ಭಾರತದ ಕ್ರೈಸ್ತರ ಬಗ್ಗೆ ಬರೆಯುವಾಗ ಇವರು ಸಾಮಾಜಿಕ ಅನ್ಯಾಯದ ವಿರುದ್ಧ ಚಳವಳಿ ಕಟ್ಟಲಿಲ್ಲವಲ್ಲ ಅಂತ ಕಟುವಾಗಿ ಹೇಳಿದ್ದಾರೆ. ಆ ಮಾತು ನಮ್ಮ ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು. ಸ್ಮಶಾನದಲ್ಲಿ ಆವತ್ತು ನಡೆದದ್ದು ಪ್ರಾರ್ಥನೆಯೋ ಚಳವಳಿಯೋ ಹೇಳುವುದು ಕಷ್ಟ.

ಬಿಡುವುದು ಸುಲಭ, ಯಾರಿಗೆ ಬಿಡುವುದು ಅನ್ನುವುದರಲ್ಲಿ ಜಗಳ. ಪಾಸ್ಟರೇಟ್ ಕಮಿಟಿಯಲ್ಲಿ ದೊಡ್ಡವ್ವನ ಹೆಸರನ್ನೂ ಬೇರೆ ಹಟ್ಟಿಗಳ ಇನ್ನಿಬ್ಬರು ಹೆಂಗಸರ ಹೆಸರನ್ನೂ ಹೇಳಿದೆವು. ಒಂದು ನಿಮಿಷ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ‘ಆಯಮ್ಮನಿಗೆ ಇಂಗ್ಲಿಷಿನಲ್ಲಿ ರಿಪೋರ್ಟು ಬರೆಯೋಕೆ ಬರುತ್ತಾ?’ ಅಂತ ಒಬ್ಬರು. ಇಂಗ್ಲಿಷು ಬೇಕಾದವರು ಬಂದು ಕೇಳಿ ಬರಕೊಳ್ಳಲಿ ಅಂದೆವು. ‘ಹಣಕಾಸಿನ ಜವಾಬ್ದಾರಿ ಇರುತ್ತೆ’ ಅಂತ ಇನ್ನೊಬ್ಬರು. ಯಾವ ಹಣ ಸ್ವಾಮಿ? ಆ ಹಣ ಬರೋದೇ ಆ ಹೆಂಗಸರ ಮಡಕೆಯಿಂದ. ಮಿಜೋರಾಮಿನ ಹೆಂಗಸರು ನೂರು ವರ್ಷಕ್ಕೂ ಹಿಂದಿನಿಂದ ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಸಭೆಗೆ ಅಂತ ತೆಗೆದಿಟ್ಟು, ಆ ಹಿಡಿ ಅಕ್ಕಿಯಿಂದಲೇ ಸುವಾರ್ತಿಕರನ್ನು ಸಾಕಿದ್ದಾರೆ. ನಮ್ಮ ಹಟ್ಟಿಗಳಲ್ಲಿ ಅದು ಹಿಡಿ ರಾಗಿ. ಹಿಟ್ಟು ತೊಳಸುವ ಮುಂಚೆ ಒಂದು ಹಿಡಿ ತೆಗೆದು ಡಬ್ಬಕ್ಕೆ. ಸುಗ್ಗಿ ಹಬ್ಬಕ್ಕೆ ಅದು ಪೇಟೆಗೆ ಹೋಗಿ ಹರಾಜಾಗಿ ಸಭೆಯ ಲೆಕ್ಕಕ್ಕೆ ಸೇರುತ್ತಿತ್ತು. ಅವತ್ತು ರಾಗಿ ತಂದವರು ಹಿಂದಿನ ಜಮಖಾನದ ಮೇಲೆ, ಹರಾಜು ಕೂಗುವವರು ಮುಂದಿನ ಬೆಂಚಿನ ಮೇಲೆ.

ಕಮಿಟಿ ಒಪ್ಪಲಿಲ್ಲ. ತಾತ್ಕಾಲಿಕ ಅಂತ ಪೇಟೆಯ ರಿಟೈರ್ಡ್ ನೌಕರರೊಬ್ಬರನ್ನು ಹಾಕಿದರು. ಒಳ್ಳೆಯ ಮನುಷ್ಯ, ಮಂಡಿನೋವು ಬೇರೆ. ಎರಡು ಸಲ ಹೋಗಿ ಬಂದರು.

ನಾವು ಸಾಮಾನು ಒಪ್ಪಿಸಿದ್ದು ಮಾತ್ರ ಹಟ್ಟಿಯಲ್ಲೇ. ಕೀರ್ತನೆ ಪುಸ್ತಕದ ಟ್ರಂಕು, ಎರಡು ಜಮಖಾನ, ಒಂದು ಡೋಲಕ್ಕು, ಒಂದು ಸ್ಟವ್ವು, ಲೆಕ್ಕದ ಪುಸ್ತಕ, ಕೈಲಿ ಉಳಿದಿದ್ದ 4,316 ರೂಪಾಯಿ. ಜನರ ಎದುರಿಗೆ ಎಣಿಸಿ, ಅವರ ಕೈಲಿ ರುಜು ಹಾಕಿಸಿ, ಅದರ ನಕಲು ಕಮಿಟಿಗೆ ಕಳಿಸಿದೆವು.

ಅಲ್ಲೇ ಮುಖ್ಯ ತಕರಾರು ಎದ್ದದ್ದು. 11 ಹಟ್ಟಿಗಳಲ್ಲಿ ಏಳು ಹೊಲೆಯರವು, ನಾಲ್ಕು ಮಾದಿಗರವು. ಟ್ರಂಕು ಯಾವ ಹಟ್ಟಿಯಲ್ಲಿ ಇರಬೇಕು? ಕರ್ತನ ಭೋಜನದಲ್ಲಿ ಒಂದೇ ಬಟ್ಟಲು, ಮದುವೆ ಊಟದಲ್ಲಿ ಇನ್ನೂ ಕದ್ದು ಎದ್ದು ಹೋಗುವವರು ಇದ್ದಾರೆ, ಇದನ್ನು ಮುಚ್ಚಿಡುವುದರಲ್ಲಿ ಲಾಭವಿಲ್ಲ. ನಾವಿದ್ದಾಗ ಟ್ರಂಕು ನಮ್ಮ ಮನೆಯಲ್ಲಿತ್ತು, ಹಾಗಾಗಿ ಪ್ರಶ್ನೆಯೇ ಏಳುತ್ತಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಬೈದಾಡಿದರು. ನಮ್ಮ ಕಡೆ ತಿರುಗಿ, ‘ನೀವೇ ಹೇಳಿಬಿಡಿ ಸಾ’ ಅಂದರು. ನಾವು ಬಾಯಿ ಬಿಡಲಿಲ್ಲ. ಆ ಮೌನ 16 ವರ್ಷದ ಭಾಷಣಗಳಿಗಿಂತ ಕಷ್ಟದ್ದಾಗಿತ್ತು ಅಂತ ಹೇಳಿದರೆ ನಂಬಿ. ಕೊನೆಗೆ ಮಾದಿಗರ ಹಟ್ಟಿಯ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು, ‘ನೀರು ಬಿಡೋ ಸರದಿ ಇಲ್ವಾ, ಅಂಗೇ ಮಾಡಿ’ ಅಂದಳು. ತಿಂಗಳಿಗೊಂದು ಹಟ್ಟಿ. ಟ್ರಂಕು ಹೋದ ಕಡೆ ಕೂಟ, ಆ ತಿಂಗಳು ಆ ಹಟ್ಟಿಯವರದೇ ಅಡಿಗೆ, ಎಲ್ಲರೂ ಅಲ್ಲೇ ಉಣ್ಣಬೇಕು. ಮೊದಲ ಸರದಿ ಮಾದಿಗರ ಹಟ್ಟಿಗೇ ಬಂತು. ಮೂರು ಮನೆಯವರು ಬರಲಿಲ್ಲ. ಆರನೇ ತಿಂಗಳಿಗೆ ಅವರಲ್ಲಿ ಒಂದು ಮನೆಯವರು ಬಂದರು.

ಕೂಟವನ್ನು ಭಾನುವಾರದಿಂದ ಮಂಗಳವಾರ ರಾತ್ರಿಗೆ ಹಾಕಿಕೊಂಡಿದ್ದಾರೆ. ಭಾನುವಾರ ಕೂಲಿ ಸಿಗುತ್ತೆ, ಪೇಟೆಯವರಿಗೆ ಮಾತ್ರ ಅದು ರಜೆ. ನಮಗೆ ಇದು ತಿಳಿಯದ್ದೇನಲ್ಲ, ಆದರೆ ಆಫೀಸಿನ ಫಾರಮ್ಮಿನಲ್ಲಿ ಭಾನುವಾರ ಅಂತಲೇ ಅಚ್ಚಾಗಿತ್ತು.

ಹಿಡಿ ರಾಗಿ ಈಗ ಪೇಟೆಗೆ ಪೂರ್ತಿ ಬರುವುದಿಲ್ಲ. ಅರ್ಧ ಬರುತ್ತೆ, ಅರ್ಧ ಅಲ್ಲೇ ಉಳಿಯುತ್ತೆ. ಉಳಿದ ರಾಗಿ ಮಾರಿದ ದುಡ್ಡಿನಲ್ಲಿ ಮೊದಲು ಮಾಡಿದ್ದು ಒಬ್ಬ ಹುಡುಗಿಯ ಪಿಯುಸಿ ಫೀಜು ಕಟ್ಟಿದ್ದು. ಆ ಹುಡುಗಿ ಸಭೆಯವಳಲ್ಲ, ಮಾರಮ್ಮನ ಪದ ಹೇಳುವ ಆಸಾದಿಗಳ ಮನೆಯವಳು. ಸುದ್ದಿ ಕೇಳಿ ಕಮಿಟಿಯ ಹಿರಿಯರು ನಮ್ಮ ಮನೆಗೇ ಬಂದರು. ‘ಏನ್ ಮೇಷ್ಟ್ರೇ ಇದು, ಸುವಾರ್ತೆ ದುಡ್ಡು ಹಿಂಗೆ ಹೋಗಬಹುದಾ?’ ಟೀ ಕೊಟ್ಟೆವು. ನಮ್ಮನ್ನು ಕೇಳಬೇಡಿ ಅಣ್ಣಾ, ನಾವೀಗ ಸಂಚಾಲಕರಲ್ಲ, ಈ ತಿಂಗಳು ಟ್ರಂಕು ಇರುವ ಹಟ್ಟಿಗೆ ಹೋಗಿ ಕೇಳಿ, ಬೇಕಾದರೆ ದಾರಿ ತೋರಿಸ್ತೀವಿ ಅಂದೆವು. ಅವರು ಹೋದರೋ ಇಲ್ಲವೋ ಗೊತ್ತಾಗಲಿಲ್ಲ. ಅವರ ತಾತ್ಕಾಲಿಕ ಸಂಚಾಲಕರು ಮಾತ್ರ ಇನ್ನೂ ತಾತ್ಕಾಲಿಕವಾಗಿಯೇ ಇದ್ದಾರೆ.

ದೊಡ್ಡವ್ವ ಈಗಲೂ ‘ಸಾ’ ಅಂತಲೇ ಕರೆಯುತ್ತಾಳೆ. ಅದು ಹೋಗಲು ಇನ್ನೂ ಕಾಲ ಬೇಕು. ನಾವೂ ಮಂಗಳವಾರದ ಕೂಟಕ್ಕೆ ಹೋಗುತ್ತೇವೆ, ಹಿಂದಿನ ಸಾಲಿನಲ್ಲಿ ಕೂರುತ್ತೇವೆ, ಕರೆದರೆ ಓದುತ್ತೇವೆ. ಮುಂದಿನ ತಿಂಗಳ ಎರಡನೇ ಮಂಗಳವಾರ ಓದುವ ಸರದಿ ನಮ್ಮದಂತೆ. ಯಾವ ಭಾಗ ಓದಬೇಕು ಅಂತ ಇನ್ನೂ ಹೇಳಿಕಳಿಸಿಲ್ಲ.